ಅತ್ತೆಯವರ ಬಿಸಿಲುಪೆಟ್ಟಿಗೆ

ಮೆಲುಸಿ ಸಿಬಂಡಾನಿಗೆ ದೇವರು ಯಾರೂ ಕೇಳದಿದ್ದರೂ ಮಾತು ಕೊಡುವ ನಾಲಿಗೆಯನ್ನು ಕೊಟ್ಟಿದ್ದ, ಕೊಟ್ಟ ಮಾತು ನೆನಪಾದಾಗ ಬೆವರಲಿ ಎಂದು ಅಗಲವಾದ ಹಣೆಯನ್ನೂ ಕೊಟ್ಟಿದ್ದ. ಬುದ್ಧಿಯನ್ನು ಎಲ್ಲಿಡುವುದೆಂದು ಆಮೇಲೆ ನೋಡಿದರೆ ಜಾಗ ಉಳಿದಿರಲಿಲ್ಲ. ಅವನು ಬುಲವಾಯೊದ ಒಂದು ಟೈರ್ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದ. ಆ ಕೆಲಸಕ್ಕೆ ಬುದ್ಧಿ ಅಷ್ಟೇನೂ ಬೇಕಿರಲಿಲ್ಲವಾದ್ದರಿಂದ ಕೊರತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮದುವೆಗೆ ಹೊರಟ ಮೇಲೆ ಬಿತ್ತು.

ಹುಡುಗಿ ತೆಂಜಿವೆ. ಅವಳ ತಾಯಿ ದುಬೆ ಕುಲದ ಮಗಳಾದ್ದರಿಂದ ಊರಿಗೆಲ್ಲ ಮಾದುಬೆ. ಚರ್ಚಿನವರು ಪ್ರತಿ ಆಗಸ್ಟಿನಲ್ಲಿ ಎಸಿಗೊಡಿನಿ ಆಚೆಯ ಕುರುಚಲು ಕಾಡಿನಲ್ಲಿ ವಾರಗಟ್ಟಲೆ ಡೇರೆ ಹೊಡೆದು ಕೂರುತ್ತಾರೆ. ಮಾದುಬೆ ತಾಯಿಯ ಬೆನ್ನ ಮೇಲೆ ಕೂತು ಹೋಗುತ್ತಿದ್ದ ಕಾಲದಿಂದ ಆ ಕ್ಯಾಂಪು ತಪ್ಪಿಸಿದವರಲ್ಲ. ಬೆಳಗಿನ ಚಳಿಯಲ್ಲಿ ಮೊದಲ ಹಾಡು ಎತ್ತುವುದು ಅವರೇ. ಹೋದ ಮಳೆಗಾಲದಲ್ಲಿ ಡಾಕ್ಟರು, ನಿದ್ದೆಯಲ್ಲಿ ನಿಮ್ಮ ಉಸಿರು ನಿಂತು ನಿಂತು ಬರುತ್ತಿದೆ ಎಂದು ಹೇಳಿ, ಮೂಗಿಗೆ ಕಟ್ಟಿಕೊಂಡು ಮಲಗುವ ಗಾಳಿಯ ಮಷೀನು ಬರೆದುಕೊಟ್ಟರು. ಅದು ಇದ್ದ ರಾತ್ರಿ ಒಳ್ಳೆಯ ನಿದ್ದೆ. ಕರೆಂಟು ಹೋದ ರಾತ್ರಿ ಎದ್ದೆದ್ದು ಕೂತು ಬೆಳಗು ಮಾಡುವುದು. ಡೇರೆಯಲ್ಲಿ ಕರೆಂಟೆಲ್ಲಿ? ಈ ವರ್ಷ ನೀವೆಲ್ಲ ಹೋಗಿಬನ್ನಿ ಎಂದು ಅವರು ಒಂದೇ ಮಾತು ಹೇಳಿ ಶೇಂಗಾ ಸುಲಿಯುತ್ತ ಕೂತರಂತೆ. ಇದನ್ನು ಹೇಳುವಾಗ ತೆಂಜಿವೆಯ ಕಣ್ಣು ತುಂಬಿತ್ತು. ಕಣ್ಣು ತುಂಬಿದ ಹುಡುಗಿ ಎದುರಿಗಿರುವಾಗ ಮೆಲುಸಿಯ ನಾಲಿಗೆ ಸುಮ್ಮನಿರುವುದುಂಟೆ?

"ಕರೆಂಟು ತಾನೆ? ನಾನು ತರ್ತೀನಿ ಬಿಡು," ಅಂದ, ಜೇಬಿನಲ್ಲೇ ಇಟ್ಟುಕೊಂಡವನ ಹಾಗೆ.

ತೆಂಜಿವೆ ಮನೆಗೆ ಹೋಗಿ ಹೇಳಿಯೂಬಿಟ್ಟಳು. ಮಾದುಬೆ ಶೇಂಗಾ ಬಿಟ್ಟೆದ್ದು ಡೇರೆಯ ಬಟ್ಟೆ ಬಿಸಿಲಿಗೆ ಹಾಕಿದರು. ಅಲ್ಲಿಗೆ ಮೆಲುಸಿಗೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು.

ಬಿಸಿಲು ಕುಡಿದು ಕರೆಂಟು ಕೊಡುವ ಪೆಟ್ಟಿಗೆಗಳನ್ನು ಮಾರುವ ಅಂಗಡಿಗೆ ಅವನು ಜೊತೆಯಲ್ಲಿ ಬಿಲ್ಲು ಬರೆಯುವ ಖುಮಾಲೊನನ್ನು ಕರೆದುಕೊಂಡು ಹೋದ. ಏನೇನು ನಡೆಸಬೇಕು ಎಂದು ಅಂಗಡಿಯವನು ಕೇಳಿದ. ಅತ್ತೆಯಾಗುವವರ ರಾತ್ರಿಯ ಉಸಿರಾಟವನ್ನು ಪರರ ಮುಂದೆ ಹೇಗೆ ಬಾಯಿಬಿಟ್ಟು ಹೇಳುವುದು? ನಮ್ಮಲ್ಲಿ ಅತ್ತೆ ಎದುರು ಬಂದರೆ ಅಳಿಯನಾದವನು ದಾರಿ ಬಿಟ್ಟು ಹುಲ್ಲಿಗಿಳಿದು ನಿಲ್ಲುತ್ತಾನೆ. ಮುಖ ನೋಡಿ ಮಾತಾಡುವಂತಿಲ್ಲ, ಅವರೆದುರು ಬಾಯಿ ಆಡಿಸಿ ಉಣ್ಣುವಂತಿಲ್ಲ. ಮೆಲುಸಿ ಕೆಮ್ಮಿ, ಕ್ಯಾಂಪಿಂಗು, ಲೈಟು, ಫೋನು, ಒಂದು ಫ್ರಿಜ್ಜೂ ಇರಬಹುದು ಅಂದ. ಜೀವಮಾನದಲ್ಲಿ ಅವನು ಫ್ರಿಜ್ಜು ಕೊಂಡವನಲ್ಲ, ಬಾಡಿಗೆ ಕೋಣೆಯಲ್ಲಿ ಹಾಲು ಕೆಡುವ ಮೊದಲು ಕುಡಿಯುವುದೇ ಅವನ ಫ್ರಿಜ್ಜು. ಅಂಗಡಿಯವನು ಒಳಗಿನಿಂದ ಗಾಲಿಯಿದ್ದ, ಕಿತ್ತಳೆ ಬಣ್ಣದ, ಟೀವಿಯಂಥ ಪರದೆಯ ಒಂದು ರಾಕ್ಷಸನನ್ನು ಉರುಳಿಸಿಕೊಂಡು ಬಂದ.

"ತಗೋ ಮಾರಾಯ," ಅಂದ ಖುಮಾಲೊ. "ಇದನ್ನ ನೋಡಿದ್ರೆ ಬೀಗರು ಹೆಣ್ಣಿನ ತೆರಕ್ಕೆ ಹಸು ಕೇಳೋದನ್ನೇ ಮರೀತಾರೆ."

ಮೆಲುಸಿಗೂ ಮನಸ್ಸು ಅದರ ಮೇಲೇ ಕೂತಿತ್ತು. ಅದನ್ನು ಎಳೆದುಕೊಂಡು ಕ್ಯಾಂಪಿನ ನಡುವೆ ಹೋಗುವ ತನ್ನ ಚಿತ್ರವನ್ನು ಆಗಲೇ ನಾಲ್ಕಾರು ಸಲ ನೋಡಿಕೊಂಡಿದ್ದ. ಎತ್ತಿ ನೋಡಿದ ಮೇಲೆ ಸೊಂಟ ಬೇರೆಯದೇ ಅಭಿಪ್ರಾಯ ಕೊಟ್ಟಿತು. ಮರಳಿನಲ್ಲಿ ಗಾಲಿ ಓಡುವುದಿಲ್ಲ ಎನ್ನುವುದೂ ಆಗಲೇ ಹೊಳೆಯಿತು. ಅದಕ್ಕಿಂತ ಹೆಚ್ಚಾಗಿ, ಅತ್ತೆಯ ಮಷೀನು ಎಷ್ಟು ಕರೆಂಟು ತಿನ್ನುತ್ತದೆ ಎಂಬುದೇ ತಿಳಿಯದೆ ಕೊಳ್ಳುವುದು ಕಾಲಿನ ಅಳತೆ ಕೊಡದೆ ಚಪ್ಪಲಿ ಹೊಲಿಸಿದ ಹಾಗೆ. ಅಳತೆ ಬರೆದಿರುವುದು ಮಷೀನಿನ ಬೆನ್ನಲ್ಲಿ. ಮಷೀನು ಇರುವುದು ಅತ್ತೆಯ ಮಂಚದ ಪಕ್ಕ. ಆ ಕೋಣೆಯ ಹೊಸ್ತಿಲನ್ನು ಯಾವ ಅಳಿಯನೂ ದಾಟಿದ ದಾಖಲೆಯಿಲ್ಲ.

ಅವನು ಅಂಗಡಿಯ ಹೊರಗೆ ನಿಂತು ತೆಂಜಿವೆಗೆ ಫೋನು ಮಾಡಿ ಸುತ್ತಿಬಳಸಿ ಕೇಳಿದ. ಅವಳು ನಕ್ಕು, "ಅಮ್ಮನ ಮಂಚದ ಸುದ್ದಿ ನಿನಗ್ಯಾಕೋ?" ಅಂದು, ಮಷೀನಿನ ಬೆನ್ನಿನ ಫೋಟೋ ಕಳಿಸಿದಳು. ಫೋಟೋದ ಮೂಲೆಯಲ್ಲಿ ಹೂವಿನ ಹೊದಿಕೆಯ ಚೂರು ಬಿದ್ದಿತ್ತು. ಮೆಲುಸಿ ಆ ಮೂಲೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಅಂಕಿ ಓದಿದ.

ನೋಡಿದರೆ ಮಷೀನಿನ ಹಸಿವು ಬಡವರ ಮನೆಯ ಹಸಿವು, ಒಂದೆರಡು ಬಲ್ಬಿನಷ್ಟು. ಗಾಳಿಗೆ ತೇವ ಕೊಡಲು ನೀರು ಕಾಯಿಸಿದರೆ ಮಾತ್ರ ಹೆಚ್ಚು, ಮಾದುಬೆ ಆ ನೀರಿನ ಭಾಗವನ್ನು ಹಾಕಿಕೊಳ್ಳುವುದೇ ಇಲ್ಲವಂತೆ. ರಾತ್ರಿಗೆ ಎಂಟು ಗಂಟೆ ನಿದ್ದೆಯೆಂದು ಗುಣಿಸಿದರೆ, ಹೊಲಿಗೆಯಂತ್ರದ ಪೆಟ್ಟಿಗೆಯಷ್ಟಿದ್ದ ಬೂದು ಬಣ್ಣದ ಒಂದು ಸಾಧುಪ್ರಾಣಿ ಎರಡು ರಾತ್ರಿ ತಡೆಯುತ್ತಿತ್ತು. ಹಗಲು ಅದರ ಜೊತೆಗಿನ ಮಡಿಸುವ ಸೋಲಾರ್ ಹಲಗೆಯನ್ನು ಬಿಸಿಲಿಗೆ ಬಿಡಿಸಿದರೆ ಮತ್ತೆ ತುಂಬುತ್ತಿತ್ತು. ಅವನು ಅದನ್ನೇ ಕೊಂಡ. ಗೋಡೆಯ ಪಿನ್ನಿನ ಬದಲು ಪೆಟ್ಟಿಗೆಯಲ್ಲಿದ್ದ, ಕಾರಿನಲ್ಲಿರುವಂಥ ದುಂಡು ತೂತಿಗೆ ಮಷೀನನ್ನು ಸಿಕ್ಕಿಸಿದರೆ ಇನ್ನೂ ಉಳಿತಾಯ. ಇದನ್ನು ಅವನು ಜೊತೆಗೆ ಬಂದ ಪುಸ್ತಿಕೆಯಲ್ಲಿ ಓದಿ, ತಾನೇ ಕಂಡುಹಿಡಿದಂತೆ ಟೈರ್ ಅಂಗಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಕಿತ್ತಳೆ ರಾಕ್ಷಸನನ್ನು ಬಿಟ್ಟುಬಂದದ್ದಕ್ಕೆ ಖುಮಾಲೊ ಒಂದು ವಾರ ಅವನನ್ನು ಮಾತಾಡಿಸಲಿಲ್ಲ.

ಹೀಗೆ ಎಲ್ಲವನ್ನೂ ಅಳೆದು ತೂಗಿದವನು ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ತಾನು ಅಳಿಯ.

ಕ್ಯಾಂಪಿನಲ್ಲಿ ಮರದ ನೆರಳೆಲ್ಲ ಹಿರಿಯರಿಗೆ. ಅಳಿಯನಾಗುವವನ ಡೇರೆಗೆ ಸಿಕ್ಕಿದ್ದು ನಡು ಬಯಲು. ಹಲಗೆಗೆ ಅದೇ ಬೇಕಿತ್ತು. ಹಗಲು ಪೆಟ್ಟಿಗೆ ಅವನ ಡೇರೆಯ ಮುಂದೆ ಬಿಸಿಲು ಕುಡಿಯುವುದು, ಸಂಜೆ ತೆಂಜಿವೆ ಹೊತ್ತು ತಾಯಿಯ ಡೇರೆಗೆ ಒಯ್ಯುವುದು ಎಂದು ಏರ್ಪಾಡಾಯಿತು. ಮೊದಲ ರಾತ್ರಿ ಮಾದುಬೆ ಮಗುವಿನ ಹಾಗೆ ಮಲಗಿದರು. ಬೆಳಗಿನ ಚಳಿಯಲ್ಲಿ ಅವರ ದನಿ ಏರಿದಾಗ ಮೆಲುಸಿ ಕಂಬಳಿಯೊಳಗೇ ಮೀಸೆ ತಿರುವಿದ, ಇದ್ದಷ್ಟು ಮೀಸೆಯನ್ನು.

ಅದೇ ಬೆಳಿಗ್ಗೆ ಚಾರ್ಜಿಗೆಂದು ಮೊದಲ ಫೋನು ಬಂತು, ತೆಂಜಿವೆಯ ದೊಡ್ಡಮ್ಮನದು. ಅಳಿಯ ಎರಡೂ ಕೈಚಾಚಿ ಇಸಿದುಕೊಂಡ. ಆಮೇಲೆ ದೊಡ್ಡಮ್ಮನ ಗೆಳತಿಯರವು ಬಂದವು. ಬೀಗರ ಕಡೆಯವರು ಏನು ಕೇಳಿದರೂ ಅಳಿಯ ಹೂಂ ಅನ್ನಬೇಕು, ಕಟ್ಟಿಗೆ ಸೀಳು ಅಂದರೆ ಸೀಳಬೇಕು, ಮೇಕೆ ಹಿಡಿ ಅಂದರೆ ಹಿಡಿಯಬೇಕು. ಪೆಟ್ಟಿಗೆಯ ಸುತ್ತ ಫೋನುಗಳು ಹಂದಿಮರಿಗಳ ಹಾಗೆ ಸಾಲಾಗಿ ಮಲಗಿ ಹಾಲು ಕುಡಿಯತೊಡಗಿದವು. ಗಾಯನ ತಂಡದವರು ಸ್ಪೀಕರು ತಂದರು. ಮಾದುಬೆಯ ತಮ್ಮ ದುಬೆ ಮಾವ ಬಿಳಿ ಅಂಗಿಯನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಹಿಡಿದು ಬಂದರು. ಅದನ್ನು ಸಿಕ್ಕಿಸಿದ್ದೇ ಬೂದು ಪ್ರಾಣಿ ಕೀ ಎಂದು ಕಿರುಚಿ ಕಣ್ಣು ಮುಚ್ಚಿತು. ಮೆಲುಸಿ ಅದನ್ನು ಎಬ್ಬಿಸಿ, ಧೈರ್ಯ ಕೂಡಿಸಿಕೊಂಡು, ಸಂಜೆಗೆ ಬೇಕಾಗುತ್ತದೆ ಮಾವ ಎಂದು ತೊದಲಿದ. ದುಬೆ ಮಾವ ಇಸ್ತ್ರಿ ಹಿಂದಕ್ಕಿಟ್ಟು ಜೇಬಿನಿಂದ ಎರಡು ಫೋನು ತೆಗೆದರು.

"ಏನು ಅಳಿಯಾ, ನಿನ್ನ ಪೆಟ್ಟಿಗೇಲಿ ನಮ್ಮ ಫೋನಿಗೇ ಜಾಗ ಇಲ್ಲ ಅಂದ್ರೆ, ನಾಳೆ ನಿನ್ನ ಮನೇಲಿ ನಮ್ಮ ಹುಡುಗಿಗೆ ಜಾಗ ಇರುತ್ತೇನಪ್ಪ?"

ಸುತ್ತಲಿದ್ದವರು ನಕ್ಕರು. ಮೆಲುಸಿ ಎಲ್ಲರಿಗಿಂತ ಜೋರಾಗಿ ನಕ್ಕು ಫೋನು ಸಿಕ್ಕಿಸಿದ.

ಸೂರ್ಯ ಮುಳ್ಳುಮರಗಳ ಹಿಂದಕ್ಕೆ ಸರಿಯುವಾಗ ತೆಂಜಿವೆ ಪೆಟ್ಟಿಗೆ ಒಯ್ಯಲು ಬಂದಳು. ಪರದೆಯ ಮೇಲೆ ಉಳಿದಿದ್ದ ಅಂಕಿ ನೋಡಿ ಅವಳ ಮುಖದ ನಗು ಹೋಯಿತು. ನಡುರಾತ್ರಿಗೂ ಸಾಲುತ್ತಿರಲಿಲ್ಲ. ಮೋಡ ಇತ್ತು ಅನ್ನೋಣವೆಂದು ಮೆಲುಸಿ ತಲೆಯೆತ್ತಿ ನೋಡಿದ. ಆಗಸ್ಟಿನ ಆಕಾಶ ಉಜ್ಜಿಟ್ಟ ತಟ್ಟೆಯ ಹಾಗಿತ್ತು.

"ಅಮ್ಮನಿಗೆ ನಾನು ಹೇಳಲ್ಲ," ಅಂದಳು ತೆಂಜಿವೆ. "ಮಾತು ಕೊಟ್ಟೋನು ನೀನು, ನೀನೇ ಬಂದು ಹೇಳು."

ಅವನು ಮಾದುಬೆಯ ಡೇರೆಯ ಹೊರಗೆ ಬಂದು ಬೆನ್ನು ತಿರುಗಿಸಿ ಕೂತ. ಪಕ್ಕದ ಡೇರೆಯ ಗೂಟವನ್ನು ನೋಡುತ್ತ, ಆ ಗೂಟಕ್ಕೇ ಅರಿಕೆ ಮಾಡಿಕೊಳ್ಳುವವನ ಹಾಗೆ ನಡೆದದ್ದನ್ನೆಲ್ಲ ಹೇಳಿದ. ಫೋನುಗಳನ್ನು ಹೇಳಿದ, ಸ್ಪೀಕರು ಹೇಳಿದ. ದುಬೆ ಮಾವನ ಹೆಸರು ಮಾತ್ರ ನುಂಗಿಕೊಂಡ. ಬೇಡ ಅನ್ನಲು ತನಗೆ ಬಾಯಿ ಬರಲಿಲ್ಲ ಎಂದು ಮುಗಿಸಿದ. ಅತ್ತೆ ಗಂಟು ಕಟ್ಟಿ ಇವತ್ತೇ ಮನೆಗೆ ಹೊರಡುತ್ತಾರೆ, ಜೊತೆಗೆ ತನ್ನ ಮದುವೆಯೂ ಹೊರಡುತ್ತದೆ ಎಂದು ಅವನ ಹಣೆ ಬೆವರಿತು.

"ಸಿಬಂಡಾ."

ಮಾದುಬೆಯ ದನಿ. ತೆಂಜಿವೆಯ ಮೂಲಕವಲ್ಲ, ನೇರವಾಗಿ ಅವನಿಗೇ. ಮೆಲುಸಿ ಗೂಟವನ್ನು ಕೈಯಲ್ಲಿ ಹಿಡಿದುಕೊಂಡ.

"ಇಸ್ತ್ರಿಪೆಟ್ಟಿಗೆ ಹಿಡ್ಕೊಂಡು ಹೋದೋನ್ನ ನಾನು ಇಲ್ಲಿಂದಾನೇ ನೋಡಿದೀನಿ. ಅವನು ನನ್ನ ತಮ್ಮ, ಅವನ ಬುದ್ಧಿ ನಂಗೊತ್ತು. ನಿಂದೂ ಗೊತ್ತಾಯ್ತು. ಬಂದೋರಿಗೆಲ್ಲ ಹಂಚೋ ಕೈ ಒಳ್ಳೇದೇ. ನನ್ನ ಉಸಿರನ್ನ ಹಂಚ್ಬೇಡ, ಅಷ್ಟೇ."

ಆಮೇಲೆ ಮಗಳಿಗೆ, ನಿಮ್ಮ ಮಾವನನ್ನು ಕರಿ ಅಂದರು.

ದುಬೆ ಮಾವ ಬಂದರು, ಇಸ್ತ್ರಿಯಿಲ್ಲದ ಅಂಗಿಯಲ್ಲೇ. ಅಕ್ಕ ಒಳಗಿನಿಂದ ಏನು ಹೇಳಿದರೋ, ಅವರು ಪೆಟ್ಟಿಗೆಯನ್ನು ಎತ್ತಿಕೊಂಡು ತಮ್ಮ ಪಿಕಪ್ಪಿಗೆ ಹೋದರು. ಗಾಡಿಯೊಳಗಿನ ದುಂಡು ತೂತಿಗೆ ಪೆಟ್ಟಿಗೆಯನ್ನು ಸಿಕ್ಕಿಸಿ, ಇಂಜಿನ್ನು ಚಾಲೂ ಇಟ್ಟು, ರಾತ್ರಿಯೂಟದ ಗಂಟೆ ಹೊಡೆದ ಮೇಲೂ ಒಬ್ಬರೇ ಸ್ಟಿಯರಿಂಗಿನ ಮುಂದೆ ಕೂತಿದ್ದರು, ನಿಂತಲ್ಲೇ ದೂರದ ಪ್ರಯಾಣ ಹೊರಟವರ ಹಾಗೆ. ದಾರಿಯಲ್ಲಿ ಹೋಗುವವರು, ಎಲ್ಲಿಗೆ ದುಬೆ, ಹರಾರೆಗಾ ಎಂದು ಕೇಳುತ್ತಿದ್ದರು. ಆ ರಾತ್ರಿಗೆ ಸಾಕಾಗುವಷ್ಟು ತುಂಬಿತು.

ಮರುದಿನದಿಂದ ಏರ್ಪಾಡು ಬದಲಾಯಿತು. ಹಲಗೆ ಬಿಸಿಲಿನಲ್ಲಿ, ಉದ್ದನೆಯ ವೈರು ನೆಲದ ಮೇಲೆ, ಪೆಟ್ಟಿಗೆ ಮಾದುಬೆಯ ಕುರ್ಚಿಯ ಕೆಳಗೆ, ಅದರ ಮೇಲೆ ಅವರ ಶಾಲು. ಬೇಕಾದವರು ನನ್ನನ್ನು ಕೇಳಲಿ ಎಂದು ಅವರೇ ಸಾರಿದ್ದರು. ಯಾರೂ ಕೇಳಲಿಲ್ಲ. ಗಾಯನ ತಂಡ ಸ್ಪೀಕರಿಲ್ಲದೆ ಹಾಡಿತು, ಇನ್ನೂ ಚೆನ್ನಾಗಿ. ಮೆಲುಸಿಯಂತೂ ಆ ಕುರ್ಚಿಯ ಹತ್ತಿರ ಸುಳಿಯುವಂತೆಯೇ ಇರಲಿಲ್ಲವಾದ್ದರಿಂದ, ತಾನೇ ಆರಿಸಿ ಕೊಂಡ ಪೆಟ್ಟಿಗೆಯಲ್ಲಿ ಎಷ್ಟು ತುಂಬಿದೆ ಎಂದು ತಿಳಿಯಲು ತೆಂಜಿವೆಯನ್ನು ಕೇಳಬೇಕಾಗಿತ್ತು. ಅವಳು ಬೆರಳಲ್ಲಿ ಅಂಕಿ ತೋರಿಸುತ್ತಿದ್ದಳು. ಅವನ ಫೋನು ಸತ್ತುಹೋಗಿತ್ತು.

ಕ್ಯಾಂಪು ಮುಗಿಯುವ ಹಿಂದಿನ ದಿನ ಅವನು ಮರುಲಾ ಮರದಡಿ ಜೋಳದ ಮುದ್ದೆ ಸೊಪ್ಪು ಉಣ್ಣುತ್ತಿದ್ದಾಗ ತೆಂಜಿವೆಯ ತಂದೆ ಬಾಬಾ ನ್ಯಾತಿ ಬಂದು ಪಕ್ಕದಲ್ಲಿ ಕೂತರು. ಅವರು ಅಳಿಯನೊಂದಿಗೆ ಕೂತದ್ದೇ ಅದು ಮೊದಲು. ಮೆಲುಸಿ ಮುದ್ದೆಯನ್ನು ಗಂಟಲಲ್ಲೇ ನಿಲ್ಲಿಸಿ ಕಾದ. ಅವರು ಆಚೀಚೆ ನೋಡಿ ಮಗ್ಗುಲಿನ ಜೇಬಿನಿಂದ ಫೋನು ತೆಗೆದರು.

"ಇದಕ್ಕೆ ಸ್ವಲ್ಪ ಕರೆಂಟು ಕೊಡಿಸ್ತೀಯಾ?"

"ಬಾಬಾ, ನಾನು ಆ ಕಡೆ ಹೋಗೋ ಹಾಗಿಲ್ಲ. ನೀವೇ ಕೇಳ್ಬಹುದಲ್ಲ."

"ನಾನಾ?" ಬಾಬಾ ನ್ಯಾತಿ ಕುರ್ಚಿಯ ದಿಕ್ಕಿಗೆ ಒಮ್ಮೆ ನೋಡಿ ಫೋನನ್ನು ಒಳಗೆ ಹಾಕಿಕೊಂಡರು. "ಅಭ್ಯಾಸ ಮಾಡ್ಕೋ ಮಗನೇ. ನಂಗೆ ಮೂವತ್ತು ವರ್ಷದಿಂದ ಅಭ್ಯಾಸ ಆಗ್ತಾ ಇದೆ."

ಮಗನೇ ಅಂದದ್ದು ಮೆಲುಸಿಯ ಕಿವಿಗೆ ತಡವಾಗಿ ಬಿತ್ತು. ಬಾಬಾ ಅವನ ತಟ್ಟೆಯಿಂದಲೇ ಒಂದು ತುತ್ತು ಮುರಿದುಕೊಂಡರು. ಆಚೆ ಮಾದುಬೆ ಹಾಡು ಎತ್ತಿದರು, ಸತ್ತ ಫೋನುಗಳ ಇಬ್ಬರು ಗಂಡಸರು ಉಣ್ಣುತ್ತ ಕೇಳಿದರು.