ಚೌರಪ್ಪ ಫಾದರ್ ಹತ್ತು ನಿಮಿಷ ಕದ್ದದ್ದು

ಹಗರಿಬೊಮ್ಮನಹಳ್ಳಿಯ ಚರ್ಚು ಸಣ್ಣದು. ಭಾನುವಾರದ ಪೂಜೆಗೆ ಬರುವ ಮನೆಗಳು ಇಪ್ಪತ್ತೆರಡು, ಹಬ್ಬಕ್ಕೆ ಮೂವತ್ತು. ಹಬ್ಬಕ್ಕೆ ಮಾತ್ರ ಬರುವ ಆ ಎಂಟು ಮನೆಗಳನ್ನು ಕಂಡರೆ ಫಾದರ್ ಚೌರಪ್ಪನವರಿಗೆ ತಾತ್ಸಾರ. ತಪ್ಪದೆ ಬರುವ ಇಪ್ಪತ್ತೆರಡರ ಮೇಲೂ ಗೌರವವೇನೂ ಇರಲಿಲ್ಲ.

ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸದ ತಪಸ್ಸುಕಾಲ ಬಂತೆಂದರೆ ಅವರ ನಾಲಗೆ ಇನ್ನಷ್ಟು ಹರಿತವಾಗುತ್ತಿತ್ತು. "ಶುಕ್ರವಾರ ಮಾಂಸ ಬಿಡ್ರಿ ಅಂದ್ರ ಮೀನು ತಿಂತೀರಿ. ಮೀನು ಬಿಡ್ರಿ ಅಂದ್ರ ಮೊಟ್ಟಿ ತಿಂತೀರಿ. ಮೊಟ್ಟಿ ಅಷ್ಟ ತಿನ್ರಿ ಅಂದ್ರ, ಕೋಳಿ ಒಳಗೂ ಇರೋದು ಮೊಟ್ಟೀನ ಅಲ್ಲೇನ್ರಿ ಫಾದರ್ ಅಂತೀರಿ." ಜನ ತಲೆ ತಗ್ಗಿಸಿ ಕೇಳುತ್ತಿದ್ದರು. ಪೂಜೆ ಮುಗಿದ ಮೇಲೆ ಹೊರಗೆ ನಿಂತು ನಗುತ್ತಿದ್ದರು.

ಫಾದರ್ ಹರಿಹರದ ಕಡೆಯವರು, ಗಾರೆ ಕೆಲಸದವನ ಮಗ. ಪಾದ್ರಿಯಾಗಲು ಗುರುಮಠದಲ್ಲಿ ಓದುವಾಗ ಕಬಡ್ಡಿ ಆಡಿದ್ದರು. ಆಗ ಮುರಿದ ಬಲಗೈಯ ಕಿರುಬೆರಳು ಇವತ್ತಿಗೂ ಸೊಟ್ಟ. ಆಶೀರ್ವಾದಕ್ಕೆ ಕೈ ಎತ್ತಿದಾಗ ಅದೊಂದು ಬೇರೆ ದಿಕ್ಕಿಗೆ ಹೋಗುತ್ತದೆ. ಈಗ ಐವತ್ತೆಂಟು ವಯಸ್ಸು. ಹೊಟ್ಟೆ ನಿಲುವಂಗಿಯನ್ನು ಮುಂದಕ್ಕೆ ದೂಡುತ್ತದೆ. ಆದರೂ ಮನುಷ್ಯನ ನೀತಿಯನ್ನು ನೋಡಬೇಕಾದರೆ ಕಬಡ್ಡಿ ಅಂಕಣದಲ್ಲೇ ನೋಡಬೇಕೆಂಬುದು ಅವರ ಗಟ್ಟಿ ನಂಬಿಕೆ. "ತಾಗಿದ್ದು ಅಂಪೈರಿಗೆ ಕಾಣೋಕಿಂತ ಮೊದ್ಲ ನಿನ್ನ ಚರ್ಮಕ್ಕ ಗೊತ್ತಾಗಿರ್ತೈತಿ. ಕೈ ಎತ್ತಿ ಹೊರಗ ನಡಿ. ಅಷ್ಟಾಗದಿದ್ರ ಪಾಪನಿವೇದನಕ್ಕ ಬರಬ್ಯಾಡ, ಅಲ್ಲೂ ಸುಳ್ಳ ಹೇಳ್ತಿ."

ಅಂಕಣದ ಮೂಲೆಗೆ ನಿಂಬೆಹಣ್ಣು ಹೂಳುವವರನ್ನೂ, ರೇಡಿಗೆ ಹೋಗುವ ಮುಂಚೆ ಶಿಲುಬೆಯ ಗುರುತು ಹಾಕಿಕೊಳ್ಳುವ ತಮ್ಮವರನ್ನೂ ಅವರು ಒಂದೇ ಉಸಿರಿನಲ್ಲಿ ಬೈಯುತ್ತಿದ್ದರು. "ದೇವರಿಗೇನು ಬ್ಯಾರೆ ಕೆಲಸ ಇಲ್ಲೇನಲೇ? ಎರಡೂ ಕಡಿಯೋರು ಕೈಮುಗುದ್ರ ಆತ ಯಾರನ್ನ ಹಿಡಕೊಳ್ಳಬೇಕು?"

ಮಾರುಕಟ್ಟೆ ಅಂಗಳದ ಹಮಾಲರು ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳಲ್ಲಿ, ಕಬಡ್ಡಿ ಪಂದ್ಯ ನಡೆಸುತ್ತಾರೆ. ಕೊಟ್ಟೂರು, ಹಡಗಲಿ, ಗುಡೇಕೋಟೆ, ಹರಪನಹಳ್ಳಿ ತಂಡಗಳು ಬರುತ್ತವೆ. ಆಟಗಾರನ ತೂಕ ಐವತ್ತೈದು ಕೆ.ಜಿ. ಮೀರಬಾರದು. ಮೊದಲೆಲ್ಲ ಈ ತೂಕದಲ್ಲೇ ಜಗಳ ಹತ್ತುತ್ತಿತ್ತು. ಒಬ್ಬ ತಕ್ಕಡಿ ಏರಿದರೆ ಇನ್ನೊಬ್ಬ ಹಿಂದಿನಿಂದ ಅವನ ಚಡ್ಡಿ ಹಿಡಿದು ಎತ್ತುತ್ತಿದ್ದ. ಐದು ವರ್ಷದ ಹಿಂದೆ ಹಮಾಲರ ಮೇಸ್ತ್ರಿ ಜಂಬಣ್ಣ, "ಚರ್ಚಿನ ಫಾದರನ್ನ ಕುಂದ್ರಸ್ರಿ, ಅವರಿಗೆ ಸುಳ್ಳು ಹೇಳಾಕ ಬರಂಗಿಲ್ಲ" ಎಂದ. ಅಂದಿನಿಂದ ತೂಕದ ಪುಸ್ತಕ ಚೌರಪ್ಪನವರದು. ಒಂದು ಗ್ರಾಮನ್ನೂ ಅವರು ಯಾರಿಗೂ ಬಿಟ್ಟವರಲ್ಲ. ಗುಡೇಕೋಟೆಯ ಆಟಗಾರನೊಬ್ಬನ ಉಡದಾರ ಬಿಚ್ಚಿಸಿ ತೂಗಿದ್ದರು.

ಈ ವರ್ಷ ಪಂದ್ಯ ಬಿದ್ದದ್ದು ತಪಸ್ಸುಕಾಲದ ಮೂರನೆಯ ಶನಿವಾರ. ಬೆಳಿಗ್ಗೆ ಚರ್ಚಿನ ಅಡಿಗೆಯ ಶಿವಮ್ಮ ಚಹಾ ಇಟ್ಟು ಅಲ್ಲೇ ನಿಂತಳು. ಅವಳ ಮಗ ಹುಲುಗೇಶ ಹಮಾಲರ ತಂಡದ ರೇಡರ್. ಹೋದ ವರ್ಷ ಫೈನಲ್ಲಿನಲ್ಲಿ ಕೊಟ್ಟೂರಿಗೆ ಒಂದು ಅಂಕದಿಂದ ಸೋತ ಉರಿ ಅವನಿಗಿನ್ನೂ ಆರಿರಲಿಲ್ಲ. ಇಪ್ಪತ್ತೈದರ ಆಳು. ತನಗಿಂತ ಭಾರದ ಮೆಕ್ಕೆಜೋಳದ ಚೀಲ ಹೊರುವವನು ತಾನು ಮಾತ್ರ ಐವತ್ತೈದನ್ನು ದಾಟಬಾರದು.

"ಎಲ್ಡು ದಿನಾತು ಉಂಡಿಲ್ರಿ ಫಾದರ್. ನಿನ್ನಿ ಮುಂಜಾನಿಂದ ನೀರೂ ಮುಟ್ಟಿಲ್ಲ. ಬಾಯಾಗಿನ ಎಂಜಲಾನೂ ಉಗಳ್ತಾನ್ರಿ. ನೀವಾರ ಹೇಳ್ರಿ."

ಫಾದರ್ ಮುಖ ಅರಳಿತು. "ಬಿಡು ಶಿವಮ್ಮ. ಈ ಊರಾಗ ಉಪವಾಸ ಅಂದ್ರೇನಂತ ತಿಳಕೊಂಡೋನು ನಿನ್ನ ಮಗ ಒಬ್ಬನ. ನಾಳಿ ಪೂಜಿ ಪ್ರಸಂಗದಾಗ ನಮ್ಮೋರಿಗೆ ಅವನ ಕತಿನ ಹೇಳ್ತೀನಿ. ಬರದಿಟ್ಟೀನಿ."

"ನೀವು ಹೇಳೋತನ ಅಂವ ಜೀವಂತ ಇರಬೇಕಲ್ರಿ," ಎಂದು ಶಿವಮ್ಮ ಲೋಟ ಎತ್ತಿಕೊಂಡು ಹೋದಳು.

ಹತ್ತು ಗಂಟೆಗೇ ಅಂಗಳದ ಸಿಮೆಂಟು ಕಾದಿತ್ತು. ಹನ್ನೊಂದರ ಒಳಗೆ ಎಲ್ಲರ ತೂಕ ಮುಗಿಯಬೇಕು. ಹುಲುಗೇಶ ತಕ್ಕಡಿ ಏರಿದಾಗ ಐವತ್ತೈದು ಕೆ.ಜಿ. ಆರುನೂರು ಗ್ರಾಮು.

"ಏನಣ್ಣ, ಚೀಲ ಇಳಿಸಿ ಬರೋದು ಮರ್ತೇನು?" ಎಂದ ಕೊಟ್ಟೂರಿನ ಕ್ಯಾಪ್ಟನ್ ಪ್ರವೀಣಕುಮಾರ್.

ಹುಲುಗೇಶ ತಕ್ಕಡಿಯಿಂದ ಇಳಿದ. ಬೆವರಿಳಿಸಿ ತೂಕ ಕಳೆಯಲೆಂದು ಉಣ್ಣೆಯ ಸ್ವೆಟರ್ ತೊಟ್ಟು ಆ ಬಿಸಿಲಿನಲ್ಲಿ ಗೋದಾಮಿನ ಸುತ್ತ ಓಡತೊಡಗಿದ. ಫಾದರ್ ಅವನತ್ತ ಪೆನ್ನು ತೋರಿಸಿ ಸುತ್ತಲಿನವರಿಗೆ, "ನೋಡ್ರಿ, ಇದಕ್ಕಂತಾರ ನಿಷ್ಠಿ. ನೀವೂ ಅದೀರಿ, ಒಂದೊತ್ತು ಚಹಾ ತಪ್ಪಿದ್ರ ತಲಿ ಹಿಡಕೊಂಡು ಕುಂದ್ರತೀರಿ," ಎಂದರು. ಅವರಿಗೆ ನಾಳಿನ ಪ್ರಸಂಗ ಕಣ್ಣೆದುರೇ ಓಡುತ್ತಿದ್ದ ಹಾಗಿತ್ತು.

ಎರಡನೆಯ ಸಲ ಹುಲುಗೇಶ ಬಂದಾಗ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಸ್ವೆಟರ್ ಕಳಚಿದ. ತಕ್ಕಡಿಯ ಮೇಲೆ ಸರಿಯಾಗಿ ನಿಲ್ಲಿಸಲೆಂದು ಫಾದರ್ ಅವನ ಭುಜ ಹಿಡಿದರು. ಬಿಸಿಲಲ್ಲಿಟ್ಟ ತಗಡು ಮುಟ್ಟಿದ ಹಾಗಾಯಿತು. ಅಷ್ಟು ಓಡಿ ಬಂದ ಮೈಯಲ್ಲಿ ಒಂದು ಹನಿ ಬೆವರಿರಲಿಲ್ಲ.

ನೂರ ಇಪ್ಪತ್ತು ಗ್ರಾಮು ಇನ್ನೂ ಹೆಚ್ಚು.

"ಬಿಡ್ರಿ ಫಾದರ್, ನೂರಿಪ್ಪತ್ತು ಏನ್ ಮಹಾ," ಎಂದು ಜಂಬಣ್ಣ ಕಣ್ಣು ಹೊಡೆದ.

"ಬಿಡಂಗಿಲ್ಲ," ಎಂದರು ಫಾದರ್. ಹುಲುಗೇಶನ ಕಡೆ ತಿರುಗಿ, "ಸಾಕು. ನೀರು ಕುಡಿ," ಎಂದರು.

"ಇನ್ನಾ ಹತ್ತು ನಿಮಿಷ ಐತ್ರಿ." ಅವನ ನಾಲಗೆ ಹೊರಳುತ್ತಿರಲಿಲ್ಲ. "ನೀವ ಅಂದ್ರಲ್ಲ, ನಿಷ್ಠಿ ಅಂತ."

"ಓಡಲೇ ಹುಲುಗ, ಓಡು!" ಎಂದು ಹಮಾಲರೆಲ್ಲ ಕೂಗಿದರು.

ಹುಲುಗೇಶ ಮತ್ತೆ ಸ್ವೆಟರ್ ಎತ್ತಿಕೊಂಡ. ತಲೆ ತೂರಿಸುವ ಜಾಗದಲ್ಲಿ ಕೈ ತೂರಿಸಿದ. ತೋಳು ಎಲ್ಲಿದೆ ಎಂದು ಹುಡುಕಿದ, ಸಿಗಲಿಲ್ಲ. ಅದನ್ನು ಹಾಗೇ ಹಿಡಿದು ನಿಂತು, ಯಾರನ್ನೂ ನೋಡದೆ ನಕ್ಕ.

ಫಾದರ್ ಪುಸ್ತಕ ಮುಚ್ಚಿದರು. "ಟೈಮಾತು. ಹನ್ನೊಂದು."

ಜಂಬಣ್ಣ ಮೊಬೈಲು ಮುಂದೆ ಹಿಡಿದ. "ಹತ್ತೂ ಐವತ್ತು ಆಗೈತಿ ನೋಡ್ರಿ."

"ನನ್ನ ಗಡಿಯಾರದಾಗ ಹನ್ನೊಂದು."

"ತೋರಿಸ್ರಿ ನೋಡಾಣ."

ಫಾದರ್ ನಿಲುವಂಗಿಯ ತೋಳನ್ನು ಮಣಿಕಟ್ಟಿನ ಕೆಳಗೆ ಎಳೆದುಕೊಂಡರು. "ತೂಕಕ್ಕ ನನ್ನ ಗಡಿಯಾರನ ಲೆಕ್ಕ ಅಂತ ನೀವ ಒಪ್ಪೀರಿ. ಮುಗೀತು. ಅವನಿಗೆ ನೀರು ಕೊಡ್ರಿ."

ಇನ್ನು ಓಡಿ ಪ್ರಯೋಜನವಿರಲಿಲ್ಲ. ಹುಲುಗೇಶ ಚೀಲದ ಮೇಲೆ ಕುಸಿದು ಕೂತು ಕುಡಿದ, ಕಾರಿದ, ಮತ್ತೆ ಕುಡಿದ. ಅರ್ಧ ತಾಸಿನ ಮೇಲೆ ಕಣ್ಣು ನೆಟ್ಟಗಾಯಿತು. ಆಗ ಆಡಿದ ಮೊದಲ ಮಾತು: "ಕೊಟ್ಟೂರಿನೋರು ಎಷ್ಟು ಕೊಟ್ರ‍್ರಿ ಫಾದರ್?"

ಸಂಜೆ ಹಮಾಲರು ಕೊಟ್ಟೂರಿಗೆ ಒಂಬತ್ತು ಅಂಕದಿಂದ ಸೋತರು. ಹುಡುಗ ಸಾಯುತ್ತಿದ್ದ ಎಂದು ಫಾದರ್ ಯಾರಿಗಾದರೂ ಹೇಳಬಹುದಿತ್ತು. ಹೇಳಹೊರಟರೆ ಅವನನ್ನು ಅಷ್ಟು ಹೊತ್ತು ಓಡಲು ಬಿಟ್ಟವರು ಯಾರೆಂಬುದನ್ನೂ ಹೇಳಬೇಕಾಗುತ್ತಿತ್ತು. ಬದುಕಿನಲ್ಲಿ ಮಂದಿಯ ಮುಂದೆ ಹೇಳಿದ ಒಂದೇ ಸುಳ್ಳು, ಅದನ್ನೂ ಎಳೆಗೂಸಿನ ಹಾಗೆ ಹೇಳಿದ್ದೆ ಎಂದು ತಮ್ಮನ್ನೇ ಹಳಿದುಕೊಂಡರು. ಆ ಸುಳ್ಳಿಗೆ ಪಶ್ಚಾತ್ತಾಪ ಹುಟ್ಟಲಿಲ್ಲ. ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ಅರಳಿದ ತಮ್ಮ ಮುಖ ನೆನೆದಾಗ ಮಾತ್ರ ಮೈಯೆಲ್ಲ ಹಿಡಿಯಾಯಿತು.

ಭಾನುವಾರ ಬರೆದಿಟ್ಟ ಪ್ರಸಂಗವನ್ನು ಓದಲಿಲ್ಲ. ಬೇರೇನೋ ಮಾತಾಡಿದರು. ಸುದ್ದಿ ಎಲ್ಲರಿಗೂ ತಲುಪಿತ್ತು. ಇಪ್ಪತ್ತೆರಡು ಮನೆಯವರೂ ಅಂದು ತಲೆ ಎತ್ತಿ ಅವರನ್ನೇ ನೋಡಿದರು. ಆ ನೋಟ ಎಂಥದೆಂದು ಫಾದರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಚರ್ಚಿಗೆ ಬಂದ ಒಂಬತ್ತು ವರ್ಷವೂ ಅವರೇ ಅದನ್ನು ಮೇಲಿನಿಂದ ಕೆಳಗೆ ಬೀರಿದ್ದರು.

ತೂಕದ ಪುಸ್ತಕ ಈಗ ಬೇರೆಯವರ ಕೈಯಲ್ಲಿದೆ. ಶಿವಮ್ಮ ಅಡಿಗೆಗೆ ಬರುತ್ತಾಳೆ. ಅಂದಿನ ವಿಷಯ ಎತ್ತುವುದಿಲ್ಲ, ಮಗನಿಗೆ ಬುದ್ಧಿಯನ್ನೂ ಹೇಳುವುದಿಲ್ಲ. ಫಾದರ್ ಮಾರುಕಟ್ಟೆ ದಾಟುವಾಗ ಯಾರಾದರೊಬ್ಬರು ಕೂಗುತ್ತಾರೆ: "ಫಾದರ್, ಟೈಮ್ ಎಷ್ಟಾತ್ರಿ?" ಅವರು ನಿಂತು, ತೋಳು ಮೇಲೆ ಸರಿಸಿ, ಗಡಿಯಾರ ನೋಡಿ, ಇದ್ದ ಸಮಯ ಹೇಳುತ್ತಾರೆ. ಹಿಂದೆ ನಗೆ ಏಳುತ್ತದೆ.

ಮೊನ್ನೆ ಹುಲುಗೇಶನೇ ಕೇಳಿದ, ಹೆಗಲ ಮೇಲೆ ಚೀಲ ಹೊತ್ತುಕೊಂಡು.

"ಒಂಬತ್ತೂಕಾಲು," ಎಂದರು ಫಾದರ್.

"ನಿಮ್ಮ ಗಡಿಯಾರದಾಗೋ, ಊರಾಗೋ?"

ಫಾದರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಣೆಯಿಂದ ಬೆವರು ಧಾರೆಯಾಗಿ ಇಳಿದು ಬನಿಯನ್ ತೊಯ್ದಿತ್ತು.

"ಊರಾಗ," ಎಂದರು. "ನಡಿಯಲೇ, ಚೀಲ ಜಾರ್ತೈತಿ."