ಉಡಚಪ್ಪನ ಬಲಗೈ ಮೊಳ

ಬೆಟಗೇರಿಯ ನೇಕಾರ ಉಡಚಪ್ಪ ತನ್ನ ಅರವತ್ಮೂರು ವರ್ಷದಲ್ಲಿ ಒಂದು ದಿನವೂ ಬಾಸ್ಕೆಟ್‌ಬಾಲ್ ಆಡಿದವನಲ್ಲ. ಅಪ್ಪಿತಪ್ಪಿ ಚೆಂಡು ಕೈಗೆ ಬಂದರೆ ಪಕ್ಕದ ಮನೆಯ ಕೋಳಿ ಹಿಡಿದವನಂತೆ ಹಿಡಿದು, ಯಾರಿಗೆ ಕೊಡಲಿ ಎಂದು ಸುತ್ತಲೂ ನೋಡುತ್ತಿದ್ದ. ಆದರೆ ಆಟ ನೋಡುವ ವಿಷಯ ಬಂದರೆ ಅವನೇ ಊರಿಗೆ ಹಿರಿಯ. ಮೈದಾನದ ಬೇವಿನ ಮರದಡಿ ಒಂದು ಕಲ್ಲುಚಪ್ಪಡಿ ಇದೆ. ಮೂವತ್ತು ವರ್ಷ ಉಡಚಪ್ಪ ಕೂತೂ ಕೂತೂ ಅದು ಅರ್ಧ ಗೇಣು ಸವೆದಿದೆ. ಅವನ ಕೂಗಂತೂ ಕೇಳಬೇಡಿ. ಒಮ್ಮೆ ಅಂಪೈರ್ ತಪ್ಪು ಸೀಟಿ ಊದಿದನೆಂದು ಇವನು ಹಾಕಿದ ಕೂಗಿಗೆ ಗದಗ ಸ್ಟೇಷನ್ನಿನಲ್ಲಿ ಹೊರಟ ರೈಲು ನಿಂತು, ಗಾರ್ಡು ಇಳಿದು ಬಂದು, "ಯಾರು ಬಿದ್ರಿ?" ಎಂದು ಕೇಳಿದನಂತೆ. ಆ ಗಾರ್ಡನ್ನು ಕಂಡವರಿಲ್ಲ. ಸುಳ್ಳೆಂದವರೂ ಇಲ್ಲ.

ಇಂಥ ಭಕ್ತನಿಗೆ ದೇವರು ಕೊಟ್ಟ ತಂಡ ಎಂಥದು? ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೇರಿ ಆಡುವ ನಾಲ್ಕೂರ ಲೀಗಿನಲ್ಲಿ ಐದು ವರ್ಷ ಸತತ ನಾಲ್ಕನೇ ಸ್ಥಾನ. ಐದನೇ ಊರೊಂದಿದ್ದರೆ ಐದನೆಯದೂ ಇವರದೇ ಆಗುತ್ತಿತ್ತು. ಒಂದೇ ಸಮಾಧಾನವೆಂದರೆ ಲೀಗಿನ ಒಂದು ನಿಯಮ. ಪ್ರತಿ ವರ್ಷ ಸುತ್ತಲ ಹಳ್ಳಿಗಳ ಹೊಸ ಹುಡುಗರು ಹೆಸರು ಕೊಡುತ್ತಾರೆ. ಕೊನೆಗೆ ಬಂದ ತಂಡಕ್ಕೆ ಮೊದಲು ಆರಿಸುವ ಸರದಿ.

ಈ ಸಲ ಪಟ್ಟಿಯಲ್ಲಿ ಎಲ್ಲರ ಬಾಯಲ್ಲಿದ್ದ ಹೆಸರು ಎರಡು. ಹುಲಕೋಟಿಯ ಸುಭಾಷ ಗಿಡ್ಡ, ಆದರೆ ಇಲಿಯಂತೆ ಕಾಲಸಂದಿಯಲ್ಲಿ ತೂರಿ ಹೋಗುವವನು. ಬೆಳ್ಳಟ್ಟಿಯ ಫಕೀರೇಶ ಎತ್ತರದವನು. ಎಷ್ಟು ಎತ್ತರ ಎಂಬುದೇ ಬುಡ್ಡೇಸಾಬನ ಮಿರ್ಚಿ ಬಜ್ಜಿ ಅಂಗಡಿಯ ಮುಂದೆ ಒಂದು ವಾರದ ಜಗಳ.

"ಬುಟ್ಟಿ ಐತೆಲ್ಲಿ? ಮ್ಯಾಲ. ಮ್ಯಾಲ ಇದ್ದದ್ದಕ್ಕ ಎತ್ತರದಾಂವ ಬೇಕೋ, ಗಿಡ್ಡ ಬೇಕೋ?" ಎಂದು ಬುಡ್ಡೇಸಾಬ ಮಿರ್ಚಿ ಕರಿಯುವ ಜಾರೆ ಸೌಟು ಎತ್ತಿ ಕೇಳುತ್ತಿದ್ದ. ಎಣ್ಣೆ ಹನಿದು ಮುಂದಿನವರೆಲ್ಲ ಹಿಂದೆ ಸರಿಯುತ್ತಿದ್ದರು.

ಹನ್ನೆರಡು ವರ್ಷದಿಂದ ಕೋಚ್ ಆಗಿದ್ದ ಇನಾಯತ ಮಾಸ್ತರರು ಮಾತ್ರ, "ನನಗ ಸುಭಾಷ ಬೇಕ್ರೆಪಾ. ಚೆಂಡು ಮ್ಯಾಲ ಹೋಗೂಕಿಂತ ಮೊದಲ ಮುಂದ ಹೋಗಬೇಕು," ಎಂದು ತಣ್ಣಗೆ ಹೇಳಿ ಚಹಾ ಕುಡಿಯುತ್ತಿದ್ದರು.

ಕೊನೆಗೆ ತಂಡದ ಅಧ್ಯಕ್ಷ, ಮೆಣಸಿನಕಾಯಿ ವ್ಯಾಪಾರಿ ಚನ್ನಬಸವಣ್ಣ ತೀರ್ಪು ಕೊಟ್ಟ: "ಉಡಚಪ್ಪ ಬೆಳ್ಳಟ್ಟಿಗೆ ಹೋಗಿ ಅಳದು ಬರ್ಲಿ."

ಉಡಚಪ್ಪನೇ ಯಾಕೆಂದರೆ, ಅವನ ಮೊಳಕ್ಕೆ ಬೆಟಗೇರಿಯಲ್ಲಿ ಅಂಥ ಬೆಲೆ. ನಲವತ್ತು ವರ್ಷ ಸೀರೆ ನೇಯ್ದವನು. ಮೊಳಕೈಯಿಂದ ನಡುಬೆರಳ ತುದಿಗೆ ಅವನದು ಕರಾರುವಾಕ್ಕು ಹದಿನೆಂಟು ಇಂಚು. ಟೇಪು ತಂದವರು ಟೇಪು ಸರಿಯಿದೆಯೋ ಇಲ್ಲವೋ ಎಂದು ಇವನ ಕೈಗೆ ಹಿಡಿದು ನೋಡುತ್ತಿದ್ದರು.

ಉಡಚಪ್ಪ ಬೆಳ್ಳಟ್ಟಿಗೆ ಹೋದ. ಹುಡುಗನ ತಾಯಿ ತಾಟಿನ ತುಂಬ ಬಿಸಿ ಮಿರ್ಚಿ ಕೊಟ್ಟಳು. ಫಕೀರೇಶನನ್ನು ಗೋಡೆಗೆ ನಿಲ್ಲಿಸಿ, ನೆತ್ತಿಗೆ ಸರಿಯಾಗಿ ಇದ್ದಿಲಿನ ಗೆರೆ ಎಳೆದು, ನೆಲದಿಂದ ಅಳೆದ. ನಾಲ್ಕು ಮೊಳ, ನಾಲ್ಕು ಬೆರಳು. ಬೆಟಗೇರಿಗೆ ಬಂದು ಸಾರಿದ: "ಆರಡಿ ಮೂರಿಂಚು! ಬಾಗಲದಾಗ ಬಗ್ಗಿ ಬರ್ತಾನ. ಅವರೂರ ಕಾಗಿ ಇವನ ತಲಿ ಮ್ಯಾಲ ಕುಂತು ದಮ್ಮ ತಗೊಂಡು ಮುಂದ ಹೋಗ್ತಾವು!"

ಇನಾಯತ ಮಾಸ್ತರರು ಚಹಾದ ಲೋಟ ಕೆಳಗಿಟ್ಟರು. "ಉಡಚಪ್ಪ ಅಳದಾನ ಅಂದ್ರ ಮುಗೀತು," ಎಂದು ಪುಸ್ತಕದಲ್ಲಿ ಬರೆದುಕೊಂಡರು. ಮೊದಲ ಸರದಿಯಲ್ಲಿ ಬೆಟಗೇರಿಗೆ ಫಕೀರೇಶ ಬಂದ. ಸುಭಾಷನನ್ನು ಮುಂಡರಗಿಯವರು ಬುತ್ತಿಯ ರೊಟ್ಟಿಯಂತೆ ಮಡಚಿ ಒಯ್ದರು.

ಆಮೇಲಿನದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಶಿರಹಟ್ಟಿಯ ಮುಂದೆ ಸೋಲು. ಲಕ್ಷ್ಮೇಶ್ವರದ ಮುಂದೆ ಸೋಲು. ಮುಂಡರಗಿಯ ಮುಂದೆ ಸುಭಾಷ ಎಷ್ಟು ಸಲ ಬುಟ್ಟಿಗೆ ಹಾಕಿದನೆಂದರೆ, ಅಂಕ ಬರೆಯುವವನಿಗೆ ಸೀಮೆಸುಣ್ಣ ಸಾಲದೆ ಗೋಡೆಯ ಸುಣ್ಣ ಕೆರೆದು ಬರೆದನಂತೆ. ಫಕೀರೇಶ ಬುಟ್ಟಿಯ ಕೆಳಗೆ ನಿಂತು ಜಿಗಿಯುತ್ತಿದ್ದ, ಚೆಂಡು ಅವನ ಬೆರಳ ಮೇಲೆ ನಾಲ್ಕಿಂಚಿನಲ್ಲಿ ಹಾರಿ ಹೋಗುತ್ತಿತ್ತು. ಪ್ರತಿ ಸಲವೂ ಅದೇ ನಾಲ್ಕಿಂಚು.

ಉಡಚಪ್ಪನಿಗೆ ತಡೆಯಲಾಗಲಿಲ್ಲ. ಸವೆದ ಕಲ್ಲಿನ ಮೇಲೆ ಎದ್ದು ನಿಂತು ಎಡಗೈಯಿಂದ ಬೇವಿನ ಮರ ಗುದ್ದುತ್ತ ಕೂಗಿದ:

"ಆರಡಿ ಮೂರಿಂಚಿನ ಹುಡುಗನ್ನ ಕೈಯಾಗ ಕೊಟ್ರೂ ಗೆಲ್ಲಾಕ ಆಗವಲ್ದು! ಕೋಚ್ ಬದಲ ಮಾಡ್ರಿ! ಬದಲ ಮಾಡ್ರಿ!"

ಉಳಿದವರೂ ಶುರು ಮಾಡಿದರು. ಇನಾಯತ ಮಾಸ್ತರರು ಒಮ್ಮೆ ತಿರುಗಿ ನೋಡಿದರು. ಎರಡು ದಿನದಲ್ಲಿ ಖಬರು ಬಂತು. ಅವರನ್ನು ತೆಗೆದಾಯಿತು, ಹುಬ್ಬಳ್ಳಿಯಿಂದ ಹೊಸ ಕೋಚ್ ಬರುತ್ತಾನೆ. ಉಡಚಪ್ಪ ಆ ದಿನ ಎರಡು ತಾಟು ಮಿರ್ಚಿ ತಿಂದ.

ಮರ ಗುದ್ದಿದ ಎಡಗೈ ಮಾತ್ರ ಬಾತುಕೊಂಡಿತ್ತು. ಮರುದಿನ ಸೀರೆಯ ಅಳತೆಯನ್ನು ಬಲಗೈಯಲ್ಲಿ ಹಾಕಿದ. ಹೆಂಡತಿ ಕರಿಯವ್ವ ಅಳತೆಗೋಲು ಇಟ್ಟು ನೋಡಿದಳು.

"ಏನ್ರೀ ಇದು, ಸೀರಿ ಗಿಡ್ಡ ಆಗೇತಿ."

"ನಾ ಅಳದದ್ದು ಗಿಡ್ಡ ಆಗತೈತೇನ?"

"ಬಲಗೈಲೆ ಅಳದೀರೇನು? ಮದುವಿ ಆದಾಗಿಂದ ಬಡಕೊಳ್ಳಾಕತ್ತೇನಿ. ಸಣ್ಣಂವ ಇದ್ದಾಗ ಹುಣಸಿಗಿಡದಿಂದ ಬಿದ್ದು ಮುರಕೊಂಡ ಕೈ ಅದು. ಎಲುಬು ಕೂಡೈತಿ, ಒಂದಿಂಚು ಕಡಿಮಿ ಕೂಡೈತಿ. ಅದು ಉಣ್ಣಾಕ ಸರಿ, ಅಳಿಯಾಕಲ್ಲ!"

ಉಡಚಪ್ಪನ ಕೈ ಸೀರೆಯ ಮೇಲೆಯೇ ನಿಂತಿತು. ಬೆಳ್ಳಟ್ಟಿಯ ಗೋಡೆ ಕಣ್ಣ ಮುಂದೆ ಬಂತು. ಬಿಸಿ ಮಿರ್ಚಿಯ ತಾಟು ಎಡಗೈಯಲ್ಲಿತ್ತು. ಗೋಡೆ ಅಳೆದದ್ದು ಬಲಗೈ. ಮೊಳಕ್ಕೆ ಒಂದಿಂಚು. ನಾಲ್ಕು ಮೊಳಕ್ಕೆ ನಾಲ್ಕಿಂಚು. ಹುಡುಗ ಆರಡಿ ಮೂರಿಂಚಲ್ಲ, ಐದಡಿ ಹನ್ನೊಂದು!

ಮಗ್ಗದಿಂದ ಎದ್ದವನಿಗೆ ಚಪ್ಪಲಿ ಸಿಗಲಿಲ್ಲ, ಹುಡುಕಲೂ ಇಲ್ಲ. ಆ ಸಂಜೆಯೇ ಚನ್ನಬಸವಣ್ಣನ ಗೋದಾಮಿನಲ್ಲಿ ತಂಡದ ಸಭೆ ಇತ್ತು. ತನ್ನ ಮೊಳದ ಮಾನ ಹೋದರೆ ಹೋಗಲಿ, ಮಾಸ್ತರರ ಜಾಗ ಉಳಿಯಬೇಕು ಎಂದುಕೊಂಡು ದಾರಿಯುದ್ದಕ್ಕೂ ಮಾತು ಜೋಡಿಸಿದ. ಒಳಗೆ ಮೆಣಸಿನಕಾಯಿಯ ಘಾಟಿಗೆ ಜೋಡಿಸಿದ್ದೆಲ್ಲ ಸೀನಾಗಿ ಹೋಯಿತು.

"ತಪ್ಪು... ಆಕ್ಷೀ... ನಂದ್ರೀ! ಬಲಗೈಲೆ ಅಳದೇನಿ. ಹುಡುಗ ಐದಡಿ ಹನ್ನೊಂದು. ಮಾಸ್ತರ್ರು ಸುಭಾಷನ್ನ ಕೇಳಿದ್ರು, ನಾ ಕೆಡಿಸಿದ್ನಿ. ಅವರನ್ನ ಹೊಳ್ಳಿ ಕರೀರಿ."

ಗೋದಾಮಿನಲ್ಲಿದ್ದವರೆಲ್ಲ ಅವನ ಬಲಗೈ ನೋಡಿದರು. ಆಮೇಲೆ ಬುಡ್ಡೇಸಾಬ ಎದ್ದ. "ನಾ ಮೊದಲ ಹೇಳಿದ್ನೆಲ್ಲ, ಸುಭಾಷನ್ನ ತರಬೇಕಿತ್ತು ಅಂತ!"

"ಲೇ ಸೌಟಿನ ಸಾಬಾ, ನೀ ಯಾವಾಗ ಹೇಳಿದಿ? ಬುಟ್ಟಿ ಮ್ಯಾಲ ಐತಿ ಅಂದಾಂವ ನೀನ!" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಮ್ಯಾಲ ಐತಿ ಅಂದೆ. ಗಿಡ್ಡ ಬ್ಯಾಡ ಅಂದೆನೇನು?"

ಕೂಡಲೇ ಇಡೀ ಸಭೆ ಮುಂದಿನ ವರ್ಷ ಯಾರನ್ನು ಆರಿಸಬೇಕೆಂಬ ಜಗಳಕ್ಕೆ ಬಿತ್ತು. ಕೋಟುಮಚಗಿಯಲ್ಲಿ ಒಬ್ಬನಿದ್ದಾನಂತೆ, ತೆಂಗಿನಕಾಯಿಯನ್ನು ನೆಲದ ಮೇಲೆ ನಿಂತೇ ಕೀಳುತ್ತಾನಂತೆ.

"ಮಾಸ್ತರ್ರದು ಏನ್ ಮಾಡ್ತೀರಿ ಹೇಳ್ರಿ!" ಉಡಚಪ್ಪ ಕೂಗಿದ.

ಚನ್ನಬಸವಣ್ಣ ಅವನ ಹೆಗಲ ಮೇಲೆ ಕೈಯಿಟ್ಟ. "ಉಡಚಪ್ಪಣ್ಣ, ಹೊಸಬರಿಗೆ ಮಾತು ಕೊಟ್ಟಾಗೇತಿ. ಪುಸ್ತಕದಾಗ ಆರಡಿ ಮೂರಿಂಚು ಅಂತ ಐತಿ, ಹಂಗ ಇರ್ಲಿ. ಬೆಟಗೇರಿಯವರು ಹುಡುಗನ್ನ ತಪ್ಪು ಅಳದ್ರು ಅಂತ ಮುಂಡರಗಿಯವರಿಗೆ ಗೊತ್ತಾದ್ರ ಮೂರು ತಲಿಮಾರು ನಗ್ತಾರ. ಕೋಚ್ ಬದಲ ಮಾಡ್ರಿ ಅಂತ ಮೊದಲ ಕೂಗಿದಾಂವ ನೀನ ಅಲ್ಲೇನು?"

ಉಡಚಪ್ಪ ಬರಿಗಾಲಲ್ಲೇ ಮನೆಗೆ ನಡೆದ.

ಮುಂದಿನ ರವಿವಾರ ಮುಂಡರಗಿಯೊಡನೆ ಮತ್ತೆ ಆಟ. ಉಡಚಪ್ಪ ಮೈದಾನಕ್ಕೆ ಬಂದರೆ ಅವನ ಕಲ್ಲಿನ ಮೇಲೆ ಇನಾಯತ ಮಾಸ್ತರರು ಕೂತಿದ್ದರು. ಉಡಚಪ್ಪ ಎದುರು ನಿಂತ.

"ಸರ್, ಹುಡುಗ ಐದಡಿ ಹನ್ನೊಂದ್ರಿ."

"ಗೊತ್ತೈತಿ. ಬಂದ ದಿನಾನ ಕಂಬಕ್ಕ ನಿಲ್ಲಿಸಿ ಅಳದೇನಿ."

"ಮತ್ತ ಯಾಕ ಹೇಳಲಿಲ್ರಿ? ನಾ ಮರ ಗುದ್ದಿ ಕೂಗೂತನಕ ಯಾಕ ಸುಮ್ನಿದ್ರಿ?"

"ಹೇಳಿದ್ರ ಹುಡುಗನ್ನ ಬೆಳ್ಳಟ್ಟಿಗೆ ಹೊಳ್ಳಿ ಕಳಸ್ತಿದ್ರು. ನಿನ್ನ ಮೊಳಕ್ಕ ಬೆಟಗೇರಿ ನಗ್ತಿತ್ತು. ಅಂವ ದೂರದಿಂದ ಚಲೋ ಹೊಡೀತಾನೋ ಉಡಚಪ್ಪ. ಬುಟ್ಟಿ ಕೆಳಗ ನಿಲ್ಲಾಂವ ಅಲ್ಲ. ಗೆರಿ ಹೊರಗ ನಿಂತು ಹೊಡಿಯೂದು ಕಲಸಾಕತ್ತಿದ್ನಿ. ಒಂದ್ ತಿಂಗಳು ಬೇಕಿತ್ತು, ಅಲ್ಲೀತನಕ ಊರವರ ಸಲುವಾಗಿ ಬುಟ್ಟಿ ಕೆಳಗ ನಿಲ್ಲಿಸಿದ್ನಿ."

ಹುಬ್ಬಳ್ಳಿಯ ಹೊಸ ಕೋಚ್ ಪುಸ್ತಕ ತೆಗೆದು ನೋಡಿದ. ಆರಡಿ ಮೂರಿಂಚು ಎಂದಿತ್ತು. ಫಕೀರೇಶನನ್ನು ತೋಳು ಹಿಡಿದು ಸೀದಾ ಬುಟ್ಟಿಯ ಕೆಳಗೆ ನಿಲ್ಲಿಸಿದ. ಸೀಟಿ ಊದಿದರು. ಹುಡುಗ ಜಿಗಿದ. ಚೆಂಡು ನಾಲ್ಕಿಂಚು ಮೇಲೆ ಹೋಯಿತು. ಸುಭಾಷ ಹಿಡಿದು ಪುಟಿಸುತ್ತ ಓಡಿದ.

ಉಡಚಪ್ಪ ಎರಡೂ ಕೈ ಬಾಯಿಗೆ ಹಿಡಿದು ರೈಲು ನಿಲ್ಲಿಸುವ ಕೂಗು ಹಾಕಿದ: "ಹಿಂದ ಸರಿಸ್ರೀ ಅವನ್ನ! ಗೆರಿ ಹೊರಗ! ಅಂವ ದೂರದಿಂದ ಹೊಡಿಯಾಂವ್ರೀ!"

ಹೊಸ ಕೋಚ್ ತಲೆಯೆತ್ತಲಿಲ್ಲ. ಫಕೀರೇಶ ಮಾತ್ರ ಒಮ್ಮೆ ಈ ಕಡೆ ನೋಡಿ, ಮತ್ತೆ ಬುಟ್ಟಿಯ ಕೆಳಗೆ ಹೋಗಿ ನಿಂತ.

ಮಾಸ್ತರರು ಕಲ್ಲಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಕುಂಡ್ರು ಬಾ. ಹನ್ನೆರಡು ವರ್ಷ ಅಲ್ಲಿ ನಿಂತಾಂವ ನಾನು. ಇಲ್ಲಿ ಕೂಗಿದ್ದು ಅಲ್ಲಿ ಹ್ಯಾಂಗ ಕೇಳಸ್ತೈತಿ ಅಂತ ನನಗ ಗೊತ್ತೈತಿ."

"ಹ್ಯಾಂಗ ಕೇಳಸ್ತೈತ್ರಿ?"

"ಕೋಚ್ ಬದಲ ಮಾಡ್ರಿ ಅಂದದ್ದೊಂದ ಕೇಳಸ್ತೈತಿ," ಎಂದರು ಇನಾಯತ ಮಾಸ್ತರರು. "ಉಳಿದದ್ದು ಏನೂ ಕೇಳಸೂದಿಲ್ಲ."