ದುರುಗಮ್ಮ ಕಣ್ಣು ಕಟ್ಟಿಕೊಂಡು ನಡೆದದ್ದು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮರ್ಯಾದೆಗೆ ಕೇಳಿಸಿಕೊಳ್ಳುತ್ತಿದ್ದೆ, ನಂಬುತ್ತಿರಲಿಲ್ಲ. ನನ್ನ ತವರು ದೇವದುರ್ಗ ತಾಲೂಕಿನ ಮಸರಕಲ್. ಅಲ್ಲಿ ಹೆಂಗಸೊಬ್ಬಳು ತಲೆ ತಿರುಗಿ ಬಿದ್ದರೆ ಗಾಳಿ ಸೋಕಿದೆ ಅನ್ನುತ್ತಿದ್ದರು, ನಿಂಬೆಹಣ್ಣು ಇಳಿಸಿ ಒಗೆಯುತ್ತಿದ್ದರು. ಮುಂದೆ ನಾನು ಕಿವಿ ಪರೀಕ್ಷೆಯ ವಿದ್ಯೆ ಕಲಿತು ರಾಯಚೂರಿನ ಒಂದು ಸಣ್ಣ ಆಸ್ಪತ್ರೆಗೆ ಸೇರಿದೆ. ಆ ಮೇಲೆ ಊರಿಗೆ ಹೋದಾಗಲೆಲ್ಲ ಅವ್ವನ ಜೊತೆ ಇದೇ ಜಗಳ. ಗಾಳಿಯೂ ಇಲ್ಲ, ಗ್ರಹವೂ ಇಲ್ಲ, ಕಿವಿಯ ಒಳಗೆ ನೀರು ತುಂಬಿದ ಮೂರು ಸಣ್ಣ ಕೊಳವೆಗಳಿವೆ, ನಮ್ಮನ್ನು ನೆಟ್ಟಗೆ ನಿಲ್ಲಿಸುವವು ಅವು, ಅವು ಕೆಟ್ಟರೆ ಮನುಷ್ಯ ಬೀಳುತ್ತಾನೆ ಎಂದು ವಾದಿಸುತ್ತಿದ್ದೆ. ಅವ್ವ, "ಆಯ್ತು ಬಿಡವ್ವಾ, ನೀ ಓದಿದಾಕಿ" ಅಂತ ಒಳಗೆ ಹೋಗಿಬಿಡುತ್ತಿದ್ದಳು.

ಈಗ ಹೇಳಲಿರುವುದು ಮೂರು ವರ್ಷದ ಹಿಂದಿನ ಮಾತು. ಹಾಡಹಗಲು, ಮಧ್ಯಾಹ್ನ ಮೂರರ ಹೊತ್ತು. ನಾನು ನಿದ್ದೆಗಣ್ಣಲ್ಲಿ ಇರಲಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ದುರುಗಮ್ಮ ಪೋತ್ನಾಳದವರು. ಐವತ್ತೈದರ ಆಸುಪಾಸು, ಚಿಕ್ಕಂದಿನಿಂದ ಭತ್ತದ ನಾಟಿಗೆ ಹೋದವರು. ಒಂದು ಕೆಟ್ಟ ಜ್ವರದಲ್ಲಿ ಅವರಿಗೆ ಬಹಳ ದಿನ ಬಲವಾದ ಇಂಜೆಕ್ಷನ್ ಕೊಡಬೇಕಾಗಿ ಬಂದಿತ್ತು. ಜೀವ ಉಳಿಯಿತು, ಕಿವಿಯೂ ಕೇಳುತ್ತಿತ್ತು, ಆದರೆ ಮೈಯ ಹಿಡಿತ ಹೋಗಿತ್ತು. ಮಗಳು ಸುಜಾತಾ ಗಿಲ್ಲೆಸುಗೂರಿನಲ್ಲಿ ಶಾಲೆಯ ಟೀಚರ್. ಅವರೇ ತಾಯಿಯನ್ನು ನಮ್ಮಲ್ಲಿಗೆ ಕರೆತಂದರು. ಜೊತೆಗೆ ತಮ್ಮ ಮೂರು ವರ್ಷದ ಮಗಳು ಮೈತ್ರಿ.

"ಸಸಿ ಕಟ್ಟು ತಲಿ ಮ್ಯಾಲ ಹೊತ್ಕೊಂಡು ಗದ್ದಿ ವಡ್ಡಿನ ಮ್ಯಾಲ ಓಡಾಡಿದಾಕಿ ನಾ," ಅಂದರು ದುರುಗಮ್ಮ. "ಈಗ ಮುಖ ತೊಳ್ಕೊಳ್ಳಾಕ ಕಣ್ಣು ಮುಚ್ಚಿದ್ರ ಬೀಳ್ತೀನಿ. ಕತ್ತಲಾತಂದ್ರ ಬಚ್ಚಲಕ್ಕ ಹೋಗಾಕ ಮಗಳ ಕೈ ಬೇಕು."

ಕೇಳುತ್ತಿದ್ದಂತೆಯೇ ನನಗೆ ಅರ್ಥವಾಯಿತು. ಎರಡೂ ಕಿವಿಯ ಸಮತೋಲನ ಹೋದವರು ಕಣ್ಣಿನ ಆಸರೆಯಲ್ಲಿ ನಡೆಯುತ್ತಾರೆ. ಕಣ್ಣು ಮುಚ್ಚಿದರೆ ಅವರಿಗೆ ನೆಲ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ದಪ್ಪ ಫೋಮಿನ ಮೇಲೆ ಕಣ್ಣು ಮುಚ್ಚಿ ನಿಲ್ಲಿಸಿ ನೋಡಿದೆ. ಎರಡು ಎಣಿಸುವಷ್ಟರಲ್ಲಿ ದೊಪ್ಪನೆ ನನ್ನ ಮೈಮೇಲೆ ಬಂದರು.

ಆಮೇಲೆ ನೀರಿನ ಪರೀಕ್ಷೆ. ರೋಗಿಯನ್ನು ಮಲಗಿಸಿ, ಒಳಗೆ ಸಣ್ಣ ಕ್ಯಾಮೆರಾ ಇರುವ ದಪ್ಪ ಕನ್ನಡಕ ಹಾಕಿ, ಅದರ ಮುಚ್ಚಳ ಮುಚ್ಚುತ್ತೇವೆ. ಒಳಗೆ ಗವ್ವೆನ್ನುವ ಕತ್ತಲು. ಕಿವಿಗೆ ನೀರು ಬಿಟ್ಟಾಗ ಒಳಗಿವಿ ಸರಿ ಇದ್ದರೆ ಕಣ್ಣುಗುಡ್ಡೆ ತಾನಾಗಿ ಜಗ್ಗಿ ಜಗ್ಗಿ ಓಡುತ್ತದೆ, ಕಂಪ್ಯೂಟರಿನಲ್ಲಿ ಗೆರೆ ಗರಗಸದ ಹಲ್ಲಿನಂತೆ ಮೂಡುತ್ತದೆ. ದುರುಗಮ್ಮನವರಿಗೆ ಬೆಚ್ಚನೆ ನೀರು ಬಿಟ್ಟೆ, ತಣ್ಣೀರು ಬಿಟ್ಟೆ. ಗೆರೆ ಅಲುಗಲಿಲ್ಲ. ಉಳಿದದ್ದು ಐಸ್ ನೀರು, ಕೊನೆಯ ಪ್ರಯತ್ನ. ಒಂದು ಕಿವಿಗೆ ಹಾಕಿ ಮುಗಿಸಿದೆ. ಆಗಲೂ ಅದೇ ಚಪ್ಪಟೆ ಗೆರೆ. ಸತ್ಯವಾಗಿ ಹೇಳುತ್ತೇನೆ, ಒಂದು ಕಣವೂ ಜೀವ ಇರಲಿಲ್ಲ.

ರೋಗಿ ಎಚ್ಚರವಾಗಿರಬೇಕು, ಅದಕ್ಕೆ ಏನಾದರೂ ಮಾತಾಡಿಸುತ್ತಿರುತ್ತೇವೆ. "ಊರುಗಳ ಹೆಸರು ಹೇಳ್ತಾ ಹೋಗ್ರಿ" ಅಂದಿದ್ದೆ. ಅವರು ಪೋತ್ನಾಳ, ಮಾನ್ವಿ, ಕಲ್ಲೂರು ಎಂದು ಒಂದೊಂದಾಗಿ ಹೇಳುತ್ತಿದ್ದರು. ನಾನು ಬೆನ್ನು ತಿರುಗಿಸಿ, ಇನ್ನೊಂದು ಕಿವಿಗೆಂದು ಐಸ್ ನೀರಿನ ಟ್ರೇ ಎತ್ತಿಕೊಂಡೆ. ಮಾತು ನಿಂತಿತು.

ತಿರುಗಿ ನೋಡಿದರೆ ದುರುಗಮ್ಮ ಎದ್ದು ನಿಂತಿದ್ದಾರೆ. ಮುಚ್ಚಿದ ಕನ್ನಡಕ ಮುಖದ ಮೇಲೆ ಹಾಗೇ ಇದೆ. "ಅಮ್ಮಾ, ಬೀಳ್ತೀರಿ!" ಎಂದು ಕೂಗಿದೆ. ಅವರು ನಡೆಯತೊಡಗಿದ್ದರು. ಕನ್ನಡಕದ ವೈರು ಕಂಪ್ಯೂಟರಿನಿಂದ ಕಿತ್ತುಕೊಂಡು ಅವರ ಹಿಂದೆ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ಬಾಗಿಲು ತೆರೆದರು, ಎಡಕ್ಕೆ ತಿರುಗಿದರು. ಅವರು ಬಂದದ್ದು ಬಲಗಡೆಯಿಂದ, ಮುಂಬಾಗಿಲಿನಿಂದ. ಎಡಕ್ಕಿರುವ ಓಣಿ ಹಿತ್ತಲಿಗೆ ಹೋಗುತ್ತದೆ. ಆ ಕಡೆ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಗೋಡೆ ಮುಟ್ಟಲಿಲ್ಲ, ತಡವರಿಸಲಿಲ್ಲ. ಒಂದು ಪಾದದ ಮುಂದೆ ಇನ್ನೊಂದು ಪಾದ ಇಡುತ್ತ, ವಡ್ಡಿನ ಮೇಲೆ ನಡೆದಂತೆ ನೆಟ್ಟಗೆ ನಡೆದರು. ನಾನು ಮೂರು ಹೆಜ್ಜೆ ಹಿಂದೆ. ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಯಾಕೆ ಎಂದು ಇವತ್ತಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ.

ಹಿತ್ತಲಲ್ಲಿ ನೀರಿನ ಸಂಪು ಇದೆ. ಟ್ಯಾಂಕರ್ ಆಗಷ್ಟೇ ನೀರು ಬಿಟ್ಟು ಹೋಗಿತ್ತು, ಮುಚ್ಚಳ ಇನ್ನೂ ಹಾಕಿರಲಿಲ್ಲ. ಹಳೆಯ ಚೀಟಿಗಳ ಜೆರಾಕ್ಸ್ ಮಾಡಿಸಲು ಸುಜಾತಾ ಎದುರಿನ ಅಂಗಡಿಗೆ ಹೋಗಿದ್ದರು, ಮಗುವನ್ನು ನಮ್ಮ ನರ್ಸ್ ಬಳಿ ಕೂರಿಸಿದ್ದರು. ನರ್ಸ್ ಒಂದು ಫೋನ್ ಎತ್ತುವಷ್ಟರಲ್ಲಿ ಮೈತ್ರಿ ಎದ್ದು ಬಂದಿದ್ದಳು. ಸಂಪಿನ ಅಂಚಿಗೆ ಕುಕ್ಕರಗಾಲಲ್ಲಿ ಕೂತು, ಒಳಗಿನ ನೀರಿಗೆ ಕೈ ಚಾಚುತ್ತಿದ್ದಳು. ಅಳಲಿಲ್ಲ, ಕೂಗಲಿಲ್ಲ. ಅವಳ ಅರ್ಧ ಮೈ ಆಗಲೇ ಮುಂದಕ್ಕೆ ವಾಲಿತ್ತು.

ದುರುಗಮ್ಮ ಬಗ್ಗಿ ಮಗುವಿನ ಫ್ರಾಕು ಹಿಡಿದು ಹಿಂದಕ್ಕೆ ಎಳೆದರು. ಎಳೆದವರು ಹಾಗೇ ಕುಸಿದು ಕೂತರು. ಆಮೇಲೆ ಎದ್ದು ನಿಲ್ಲಲು ಆಗಲೇ ಇಲ್ಲ. ನಾನು, ವಾಚ್‌ಮನ್ ಸೇರಿ ಎತ್ತಿಕೊಂಡು ಒಳಗೆ ತಂದೆವು.

ಡಾಕ್ಟರಿಗೆ ಎಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿದರು. "ಕಿವಿ ಚೆನ್ನಾಗಿ ಕೇಳುತ್ತದಲ್ಲ, ಮಗುವಿನ ಗೆಜ್ಜೆ ಕೇಳಿರಬೇಕು. ಕನ್ನಡಕದ ಸಂದಿಯಲ್ಲಿ ಸ್ವಲ್ಪ ಬೆಳಕು ಬಂದಿರಬೇಕು," ಅಂದರು. ಇರಬಹುದು. ಆದರೆ ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚಿತ್ತು, ಎ.ಸಿ. ಸದ್ದು ಬೇರೆ. ಮಗುವಿನ ಕಾಲಲ್ಲಿ ಗೆಜ್ಜೆ ಇರಲಿಲ್ಲ. ಆ ಕನ್ನಡಕವನ್ನು ನಾನೇ ಹಾಕಿಕೊಂಡು ಓಣಿಯಲ್ಲಿ ನಡೆದು ನೋಡಿದೆ. ಕತ್ತಲೆಂದರೆ ಕತ್ತಲು. ನಾಲ್ಕನೇ ಹೆಜ್ಜೆಗೆ ಗೋಡೆಗೆ ಹಾಯ್ದೆ, ನನ್ನ ಎರಡೂ ಕಿವಿ ಸರಿ ಇದ್ದೂ.

ಮರುವಾರ ದುರುಗಮ್ಮ ಬಂದಾಗ ಮತ್ತೆ ಪರೀಕ್ಷೆ ಮಾಡಿದೆ. ಗೆರೆ ಚಪ್ಪಟೆಯೇ. ಫೋಮಿನ ಮೇಲೆ ನಿಂತರೆ ಮೊದಲಿನಂತೆಯೇ ಬಿದ್ದರು. ಕೊನೆಗೆ ಕೇಳಿಯೇಬಿಟ್ಟೆ: "ಅಮ್ಮಾ, ಅವತ್ತು ಹೆಂಗ ನಡದ್ರಿ?"

ಅವರು ನಕ್ಕರು. "ನಾ ಎಲ್ಲಿ ನಡದೆ ಯವ್ವಾ? ನೀನ ನಡಿಸಿದಿ. 'ಬರ್ರಿ' ಅಂದಿ, ಕೈ ಹಿಡದಿ. ನಿನ್ನ ಕೈ ಐಸ್ ಇದ್ದಂಗ ತಣ್ಣಗಿತ್ತು."

"ನಾ ಹಿಡೀಲಿಲ್ಲಮ್ಮಾ."

"ಹಿಡದಿ. ನನಗ ಗೊತ್ತದ."

ನಾನು ವಾಚ್‌ಮನ್‌ನನ್ನು ಕರೆದು ಕೇಳಿದೆ. ನಾವು ಓಣಿಯಿಂದ ಹೊರಬರುವುದನ್ನು ಅವನು ಹಿತ್ತಲ ಮೂಲೆಯಿಂದ ಕಂಡಿದ್ದ. "ಅಮ್ಮ ಒಬ್ರೇ ಮುಂದ ಬಂದ್ರು ಮೇಡಮ್. ನೀವು ಹಿಂದಿದ್ರಿ, ಎರಡೂ ಕೈಯಾಗ ಟ್ರೇ ಹಿಡ್ಕೊಂಡಿದ್ರಿ," ಅಂದ. ಹೌದು, ಟ್ರೇಯನ್ನು ನಾನು ಸಂಪಿನ ಪಕ್ಕದಲ್ಲೇ ಕೆಳಗಿಟ್ಟದ್ದು ನನಗೂ ನೆನಪಿದೆ. ಅದರೊಳಗಿನ ನೀರು ಒಂದು ಹನಿಯೂ ಚೆಲ್ಲಿರಲಿಲ್ಲ.

ವರದಿಯಲ್ಲಿ ಎರಡೂ ಕಿವಿಯಿಂದ ಪ್ರತಿಕ್ರಿಯೆ ಇಲ್ಲ ಎಂದಷ್ಟೇ ಬರೆದೆ. ಉಳಿದದ್ದನ್ನು ಬರೆಯಲು ಆ ಫಾರ್ಮಿನಲ್ಲಿ ಜಾಗವಿರಲಿಲ್ಲ. ದುರುಗಮ್ಮ ನಾವು ಹೇಳಿಕೊಟ್ಟ ವ್ಯಾಯಾಮ ಮಾಡುತ್ತ, ಹಗಲಲ್ಲಿ ಕೋಲು ಹಿಡಿದು ಓಡಾಡುವಷ್ಟು ಸುಧಾರಿಸಿದ್ದಾರೆ. ಆ ಮನೆಯವರೆಲ್ಲ ಮಗುವನ್ನು ಉಳಿಸಿದವಳು ನಾನೇ ಎಂದು ನಂಬಿದ್ದಾರೆ. ಎರಡು ಸಲ ನಿಜ ಹೇಳಿದೆ. ಸಂಕೋಚದವಳು ಅಂದುಕೊಂಡರು.

ಮೊನ್ನೆ ಸುಜಾತಾ ಮಗಳನ್ನೂ ಕರೆದುಕೊಂಡು ಬಂದಿದ್ದರು. ಮೈತ್ರಿ ಈಗ ಶಾಲೆಗೆ ಹೋಗುವ ಹುಡುಗಿ. "ಆವತ್ತು ಅಜ್ಜಿ ಕೈ ಹಿಡ್ಕೊಂಡು ಬಂದವ್ರು ಇವ್ರೇ ನೋಡು, ನಮಸ್ಕಾರ ಮಾಡು," ಅಂದರು ತಾಯಿ.

ಹುಡುಗಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿ, "ಇವ್ರಲ್ಲ," ಅಂದಳು.

ಸುಜಾತಾ ನಕ್ಕುಬಿಟ್ಟರು. ಮೂರು ವರ್ಷದ ಕೂಸಿಗೆ ಏನು ನೆನಪಿರುತ್ತದೆ ಎಂದು ನಾನೂ ನಕ್ಕೆ. ಮತ್ತೆ ಯಾರು ಎಂದು ಕೇಳಬಹುದಿತ್ತು. ಮಗು ನನ್ನೆದುರಿಗೇ ನಿಂತಿತ್ತು, ಕೇಳಿದ್ದರೆ ಹೇಳುತ್ತಿತ್ತು. ನಾನು ಕೇಳಲಿಲ್ಲ. ಒಳಗೆ ಹೋಗಿ ಮುಂದಿನ ರೋಗಿಯ ಹೆಸರು ಕರೆದೆ.